ಇಪ್ಪತ್ತಮೂರು ಒಂಟೆಗಳ ಗೋಷ್ವಾರೆ

ಹಾನಗಲ್ಲಿನ ಗುತ್ತೆಪ್ಪ ಹನ್ನೊಂದು ವರ್ಷಗಳಿಂದ ಹಂಗಾಮಿ ಗುಮಾಸ್ತ. ಹಂಗಾಮಿ ಅಂದರೆ ನಾಲ್ಕು ದಿನದ ಮಾತು ಎಂದುಕೊಂಡವರು ಸರ್ಕಾರಿ ಕಚೇರಿ ನೋಡಿದವರಲ್ಲ. ಗುತ್ತೆಪ್ಪ ಹಂಗಾಮಿಯಾಗಿಯೇ ಮದುವೆಯಾದ, ಹಂಗಾಮಿಯಾಗಿಯೇ ಮೂರು ಮಕ್ಕಳ ತಂದೆಯಾದ, ಹಂಗಾಮಿಯಾಗಿದ್ದಾಗಲೇ ಮುಂದಲೆಯ ಕೂದಲನ್ನು ಕಾಯಂ ಆಗಿ ಕಳೆದುಕೊಂಡ. ಅವನ ಹೆಂಡತಿ ಅಡಿವೆವ್ವನನ್ನು ಓಣಿಯ ಹೆಂಗಸರು ನಳದ ಹತ್ತಿರ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮವರು ಕಾಯಂ ಆದ್ರೇನವಾ?" ಆಕೆ ಮದುವೆಯಾದಾಗಿನಿಂದ ಕೊಟ್ಟ ಉತ್ತರವೂ ಒಂದೇ: "ಈ ದೀಪಾವಳಿಗೆ ಆಗ್ತಾರ."

ಭತ್ತದ ಪೇಟೆಯ ಹಿಂದಿನ ಹಳೆಯ ಉಗ್ರಾಣವೊಂದರಲ್ಲಿ ಅವನ ಕಚೇರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ದನ, ಎಮ್ಮೆ, ಕುರಿ, ಕೋಳಿಗಳ ಲೆಕ್ಕ ಬೇರೆ ಬೇರೆಯಾಗಿ ಬಂದು ಅಲ್ಲಿ ಒಂದೇ ಹಾಳೆಯಲ್ಲಿ ಕೂಡಬೇಕು. ಹಾಗೆ ಕೂಡಿಸಿದ ಹಾಳೆಗೆ ಗೋಷ್ವಾರೆ ಎಂದು ಹೆಸರು. ಇಪ್ಪತ್ತೆಂಟು ವರ್ಷ ಅದನ್ನು ಕೈಯಿಂದಲೇ ಕೂಡಿಸಿದ ಹೆಡ್ ಕ್ಲಾರ್ಕ್ ಶಂಕ್ರಪ್ಪನವರು ನಿವೃತ್ತರಾದ ಮೇಲೆ ಆ ಕೆಲಸಕ್ಕೆ ಯಾರೂ ಮುಂದೆ ಬಂದಿರಲಿಲ್ಲ. ಎಂಬತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಅವರ ಬದಲಿಗೆ ಒಂದು ಕಂಪ್ಯೂಟರ್ ಬಂತು. ಅದೂ ಪ್ರಾಯೋಗಿಕವಾಗಿ, ಅಂದರೆ ಮೊದಲ ಗೋಷ್ವಾರೆ ಸರಿಯಾಗಿ ಹೋದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಕಚೇರಿಯ ಮುಖ್ಯಸ್ಥ ಮಹಾಲಿಂಗಪ್ಪ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಕೇಳಿದರು.

"ಕಂಪ್ಯೂಟರ್ ಯಾರಿಗೆ ಬರ್ತೈತ್ರೆಪಾ?"

ಎಲ್ಲರೂ ಮೇಲಿನ ಹಂಚು ನೋಡಿದರು. ಗುತ್ತೆಪ್ಪನೂ ಹಂಚನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಸಾಹೇಬರು, "ಬಂದವರನ್ನ ಕಾಯಂ ಮಾಡ್ರಿ ಅಂತ ನಾನ ಮ್ಯಾಲಿನವರಿಗೆ ಬರೀತೇನಿ" ಅಂದರು. ಗುತ್ತೆಪ್ಪನ ಕೈ ಅವನನ್ನು ಒಂದು ಮಾತೂ ಕೇಳದೆ ಮೇಲೆದ್ದಿತು.

"ನನಗ ಬರ್ತೈತ್ರಿ ಸಾಹೇಬ್ರ."

"ಎಲ್ಲಿ ಕಲತಿ?"

"ಹುಬ್ಬಳ್ಳ್ಯಾಗ್ರಿ."

ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯ ಗಾಜಿನ ಹಿಂದೆ ಅವನು ಕಂಪ್ಯೂಟರ್ ನೋಡಿದ್ದು ನಿಜ. ಹಾನಗಲ್ ಬಸ್ಸು ಬರುವವರೆಗೆ ನಿಂತು ನೋಡಿದ್ದ.

ನಲವತ್ತು ದಿನ ಗುತ್ತೆಪ್ಪ ಎರಡೇ ಬೆರಳಿನಲ್ಲಿ ನಾಲ್ಕು ತಾಲೂಕುಗಳ ಅಂಕಿಗಳನ್ನು ನಾಲ್ಕು ಬೇರೆ ಬೇರೆ ಕಡತಗಳಿಗೆ ಬಡಿದು ಹಾಕಿದ. ಅದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ, ಇದನ್ನು ಅವನ ವೈರಿಯೂ ಒಪ್ಪಬೇಕು. ಆಮೇಲೆ ಹುಬ್ಬಳ್ಳಿಯಿಂದ ಎಂಜಿನಿಯರ್ ಮೇಡಂ ಒಬ್ಬರು ಬಂದು ಒಂದು ದಿನ ಕುಳಿತು ಏನೋ ಬರೆದರು.

"ಇದಕ್ಕ ಮ್ಯಾಕ್ರೋ ಅಂತಾರ್ರಿ" ಎಂದು ವಿವರಿಸಿದರು. "ನೀವು ಒಂದಾದ ಮ್ಯಾಲೆ ಒಂದು ಒತ್ತಬೇಕಾದ ಕೀಲಿ ಎಲ್ಲಾ ನಾ ಸಾಲಾಗಿ ಬರದಿಟ್ಟೇನಿ. ಆಲ್ಟ್ ಹಿಡದು ಜಿ ಒತ್ರಿ, ಸಾಕು. ಅದ ತಾನ ನಾಕೂ ಕಡತಾ ತಗೀತೈತಿ, ಗೋಷ್ವಾರೆ ಹಾಳ್ಯಾಗಿನ ಅಂಕಿಗೆ ಕೂಡಸ್ತೈತಿ, ತಾನ ಕಾಪಿಟ್ಟಕೊಂತೈತಿ."

ಹೋಗುವ ಮುಂಚೆ ಮೂರು ಸಾಲಿನ ಚೀಟಿ ಬರೆದು ಗೋಡೆಗೆ ಅಂಟಿಸಿದರು. ಒಂದು, ಗೋಷ್ವಾರೆ ಹಾಳೆ ತೆರೆಯಿರಿ. ಎರಡು, ಹಳೆಯ ಅಂಕಿಗಳನ್ನು ಅಳಿಸಿರಿ. ಮೂರು, ಆಲ್ಟ್ ಮತ್ತು ಜಿ ಒತ್ತಿರಿ.

ಎರಡನೆಯ ಸಾಲನ್ನು ಗುತ್ತೆಪ್ಪ ಎರಡು ಸಲ ಓದಿದ. ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಶಂಕ್ರಪ್ಪನವರು ಕಿವಿ ಹಿಂಡಿ ಹೇಳಿದ್ದರು: "ತಮ್ಮಾ, ಸರ್ಕಾರದ ಅಂಕಿ ಯಾವತ್ತೂ ಅಳಸಬ್ಯಾಡ. ತಪ್ಪಾದ್ರ ಮ್ಯಾಲೆ ಒಂದು ಗೆರಿ ಎಳಿ, ಬಾಜೂಕ ಸಹಿ ಮಾಡು, ತಾರೀಖು ಹಾಕು. ಅಳಸಿದಿ ಅಂದ್ರ ನೌಕರಿನೂ ಅಳಸಿ ಹೋಗ್ತೈತಿ." ಇದು ಬಾಯಿಮಾತಲ್ಲ. ಎಪ್ಪತ್ತನಾಲ್ಕರಲ್ಲಿ ಶಿಗ್ಗಾವಿಯ ಕುರಿಗಳಲ್ಲಿ ಒಂದು ಸೊನ್ನೆಯನ್ನು ರಬ್ಬರಿನಿಂದ ಒರೆಸಿದ್ದಕ್ಕೆ ಶಂಕ್ರಪ್ಪನವರೇ ಆರು ತಿಂಗಳು ಮನೆಯಲ್ಲಿ ಕುಳಿತಿದ್ದರು. ಕಾಯಂ ಮನುಷ್ಯನಿಗೆ ಆರು ತಿಂಗಳಾದರೆ ಹಂಗಾಮಿಯವನಿಗೆ ಎಷ್ಟು ಎಂದು ಗುತ್ತೆಪ್ಪ ಮನಸ್ಸಿನಲ್ಲೇ ಗುಣಿಸಿ ನೋಡಿದ. ಆಮೇಲೆ ಕೆಂಪು ಪೆನ್ನು ತೆಗೆದು, ಚೀಟಿಯ ಎರಡನೆಯ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಪಕ್ಕಕ್ಕೆ ಸಹಿ ಮಾಡಿ, ತಾರೀಖು ಹಾಕಿದ.

ಮೊದಲನೆಯ ಸಲ ಏನೂ ತೊಂದರೆಯಾಗಲಿಲ್ಲ. ಹಾಳೆ ಖಾಲಿಯಿತ್ತು, ಒತ್ತಿದ, ನಾಲ್ಕು ತಾಲೂಕುಗಳೂ ಕೂಡಿದವು. ಎಮ್ಮೆ ಎಪ್ಪತ್ತೊಂದು ಸಾವಿರ. ಒಂಟೆ ಒಂದು. ಆ ಒಂದು ಒಂಟೆ ಸವಣೂರಿನ ಎಲೆ ವ್ಯಾಪಾರಿ ಮೆಹಬೂಬನದು. ಊರಿಗೆ ಬಂದಿದ್ದ ಸರ್ಕಸ್ಸಿನವರು ಮುದಿಯಾಯಿತೆಂದು ಬಿಟ್ಟು ಹೋಗಿದ್ದನ್ನು ಅವನು ಸಾಕಿಕೊಂಡಿದ್ದ. ಅಲ್ಲಿಯವರೆಗೆ ಒಂಟೆಯ ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೇನೂ ಕಂಡವರಿರಲಿಲ್ಲ.

ಗೋಷ್ವಾರೆಯನ್ನು ಅಂದೇ ಅಚ್ಚು ಹಾಕಿ ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರಿಂಟರಿಗೆ ರಿಬ್ಬನ್ ಇರಲಿಲ್ಲ. ಅದು ಹುಬ್ಬಳ್ಳಿಯಿಂದ ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಗುತ್ತೆಪ್ಪನ ಬಾಳಿನ ವೈಭವದ ದಿನಗಳು.

ಮೊದಲು ಸಾಹೇಬರು ನೋಡಿದರು. ಮರುದಿನ ಸಾಹೇಬರ ಮನೆಯವರು ನೋಡಿದರು. ಆಮೇಲೆ ಪೇಟೆಯ ವರ್ತಕರು, ಶಾಲೆಯ ಮಾಸ್ತರರು, ಬಸ್ ನಿಲ್ದಾಣದ ಕಂಟ್ರೋಲರು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾದ್ದರಿಂದ ಬಾಗಿಲಲ್ಲಿ ಚಪ್ಪಲಿಯ ರಾಶಿ ಬಿದ್ದು, ಹಾದಿಹೋಕರು ಒಳಗೆ ಯಾರೋ ಸ್ವಾಮಿಗಳು ಬಂದಿದ್ದಾರೆಂದು ತಿಳಿದು ಅವರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರಿಗೆಲ್ಲ ಗುತ್ತೆಪ್ಪ ಆಲ್ಟ್ ಹಿಡಿದು ಜಿ ಒತ್ತಿ ತೋರಿಸಿದ. ಯಾರೂ ಮುಟ್ಟದೆ ಪರದೆಯ ಮೇಲೆ ಅಂಕಿಗಳು ತಾವೇ ಓಡಾಡುವುದನ್ನು ಜನ ಬಾಯಿ ತೆರೆದು ನೋಡಿದರು. ಅಂಕಿ ಓಡುವುದನ್ನು ನೋಡಿದರೇ ಹೊರತು ಎಷ್ಟು ಎಂದು ನೋಡಿದವರಿಲ್ಲ. ಗುತ್ತೆಪ್ಪನೂ ನೋಡಲಿಲ್ಲ, ಅವನು ಜನರ ಮುಖ ನೋಡುತ್ತಿದ್ದ.

ಅಡಿವೆವ್ವ ಹಿರೇಕೆರೂರಿನಿಂದ ತನ್ನ ತಂಗಿ ಶಿವಬಸವ್ವನನ್ನು ಕರೆಸಿಕೊಂಡು ಬಂದಳು.

"ನೋಡವಾ, ಹಂಗಾಮಿ ಹಂಗಾಮಿ ಅಂತ ನಿಮ್ಮ ಮನಿಯವರು ಆಡಕೊಂತಿದ್ರಲ್ಲಾ. ಈಗ ಇವ್ರು ಬೆರಳ ಇಟ್ರ ನಾಕು ತಾಲೂಕು ಕುಣಿತಾವ."

ಗುತ್ತೆಪ್ಪ ಬೆರಳಿಟ್ಟ. ಶಿವಬಸವ್ವ ಸೆರಗು ಸರಿಮಾಡಿಕೊಂಡು ತಲೆಯೆತ್ತುವಷ್ಟರಲ್ಲಿ ಆಟ ಮುಗಿದಿತ್ತು.

"ಮಾಮಾ, ನಾ ನೋಡ್ಲೇ ಇಲ್ಲ. ಇನ್ನೊಮ್ಮಿ ಮಾಡ್ರಿ."

ಗುತ್ತೆಪ್ಪ ಇನ್ನೊಮ್ಮೆ ಮಾಡಿದ. ನಾದಿನಿಯ ಮಾತು ತೆಗೆದುಹಾಕುವ ಗಂಡಸು ಆ ನಾಲ್ಕು ತಾಲೂಕುಗಳಲ್ಲಿ ಇರಲಿಲ್ಲ.

ಹತ್ತನೆಯ ದಿನ ಶಂಕ್ರಪ್ಪನವರು ಬಂದರು. ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಗಲುವಷ್ಟು ಹತ್ತಿರ ಬಗ್ಗಿದರು. ಆ ಯಂತ್ರದ ಅಂಕಿಗಳನ್ನು ಓದಿದ ಮೊದಲ ಮನುಷ್ಯ ಅವರೇ.

"ಎಮ್ಮಿ ಹದಿನಾಲ್ಕು ಲಕ್ಷ?" ಅಂದರು. "ಗುತ್ತೆಪ್ಪಾ, ಇಷ್ಟು ಎಮ್ಮಿ ಇದ್ರ ಮನಶ್ಯಾರು ಎಲ್ಲಿ ನಿಂದರ್ತಿದ್ರೋ? ಮಂದಿ ಹಾಲಿನಾಗ ಬಟ್ಟಿ ಒಗೀಬೇಕಾಗಿತ್ತು."

ಮಹಾಲಿಂಗಪ್ಪ ಸಾಹೇಬರು ಗುತ್ತೆಪ್ಪನ ಕಿವಿಯಲ್ಲಿ, "ಹೊಟ್ಟಿಕಿಚ್ಚು" ಅಂದರು. ಆಮೇಲೆ ದೊಡ್ಡ ದನಿಯಲ್ಲಿ, "ಕಂಪ್ಯೂಟರ್ ತಪ್ಪಂಗಿಲ್ಲರಿ ಶಂಕ್ರಪ್ಪನವರ. ಗುತ್ತೆಪ್ಪಾ, ಅವರ ಮುಂದ ಇನ್ನೊಮ್ಮಿ ಒತ್ತು" ಎಂದರು.

ಗುತ್ತೆಪ್ಪ ಒತ್ತಿದ. ಶಂಕ್ರಪ್ಪನವರು ಬಾಗಿಲು ದಾಟಿ ಚಪ್ಪಲಿ ಹುಡುಕುವಷ್ಟರಲ್ಲಿ ನಾಲ್ಕು ತಾಲೂಕಿನ ಎಮ್ಮೆಗಳೂ ಇನ್ನೊಮ್ಮೆ ಈದಿದ್ದವು.

ರಿಬ್ಬನ್ ಬಂತು, ಗೋಷ್ವಾರೆ ಅಚ್ಚಾಯಿತು, ಸಾಹೇಬರು ಕಣ್ಣು ಮುಚ್ಚಿ ಸಹಿ ಮಾಡಿದರು. ಗುತ್ತೆಪ್ಪನನ್ನು ಕಾಯಂ ಮಾಡಬೇಕೆಂಬ ಶಿಫಾರಸು ಪತ್ರ ಅದೇ ಲಕೋಟೆಯಲ್ಲಿ ಹೋಯಿತು. ಅಡಿವೆವ್ವ ನಳದ ಹತ್ತಿರ ದೀಪಾವಳಿಯನ್ನು ಕೈಬಿಟ್ಟು, "ಈ ತಿಂಗಳದಾಗ" ಎನ್ನತೊಡಗಿದಳು.

ತಿಂಗಳ ಮೇಲೆ ಎರಡು ದಿನಕ್ಕೆ ಉತ್ತರ ಬಂತು. ಮೇಲಿನ ಕಚೇರಿಯಲ್ಲಿ ಹದಿನಾರು ಲಕ್ಷ ಎಮ್ಮೆಗಳ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ಲಕ್ಷಗಳಲ್ಲಿ ಇರುವುದನ್ನು ಅಲ್ಲಿ ಪ್ರಗತಿ ಎನ್ನುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಕೊನೆಯ ಕಾಲಮ್ಮು. "ನಿಮ್ಮ ವ್ಯಾಪ್ತಿಯಲ್ಲಿ ಇಪ್ಪತ್ತಮೂರು ಒಂಟೆಗಳಿರುವುದು ಕಂಡುಬಂದಿದೆ. ಇವುಗಳ ಆರೋಗ್ಯ ತಪಾಸಣೆಗೆ ಒಂಟೆ ತಜ್ಞರಾದ ಡಾಕ್ಟರ್ ಮಾಳಪ್ಪನವರು ಬರಲಿದ್ದು, ಒಂಟೆಗಳನ್ನು ಹಾಜರುಪಡಿಸತಕ್ಕದ್ದು. ಶಿಫಾರಸನ್ನು ತಪಾಸಣೆಯ ನಂತರ ಪರಿಶೀಲಿಸಲಾಗುವುದು."

ಇದರ ಒಂದು ಪ್ರತಿ ಸವಣೂರಿನ ಕಚೇರಿಗೂ ಹೋಗಿ, ಅಲ್ಲಿಯವರು ಮೆಹಬೂಬನನ್ನು ಕರೆದು ಕೇಳಿದ್ದರು. ಅವನು ಮೊದಲ ಬಸ್ಸಿಗೇ ಸವಣೂರಿನಿಂದ ಬಂದು ಗುತ್ತೆಪ್ಪನ ಮೇಜಿನ ಮುಂದೆ ನಿಂತ.

"ಗುತ್ತೆಪ್ಪಣ್ಣಾ, ಉಳದ ಇಪ್ಪತ್ತೆರಡು ಒಂಟಿ ಎಲ್ಲಿ ಮಾರಿದಿ ಅಂತ ನನ್ನ ಕೇಳ್ಯಾರ. ಅಲ್ಲಾ ಕಸಮ್, ನನ್ನ ಕಡೆ ಇರೂದು ಒಂದ. ಅದೂ ಗಂಡೈತಿ. ಇಪ್ಪತ್ತೆರಡು ಹಡಿಯಾಕ ಅದಕ್ಕ ಬರಂಗಿಲ್ಲ."

ಗುತ್ತೆಪ್ಪ ಯಂತ್ರದ ಮುಂದೆ ಕುಳಿತು ಮೊದಲ ಬಾರಿಗೆ ಅಂಕಿಗಳನ್ನು ಓದಿದ. ಬೆರಳು ಮಡಚಿ ಬಂದುಹೋದವರನ್ನೆಲ್ಲ ಎಣಿಸಿದ. ಸಾಹೇಬರು, ಮನೆಯವರು, ಕಂಟ್ರೋಲರು, ನಾದಿನಿಗೆ ಎರಡು ಸಲ. ಸರಿಯಾಗಿ ಇಪ್ಪತ್ತಮೂರಾಯಿತು. ಒತ್ತಿದ ಒಂದೊಂದು ಸಲವೂ ಹಳೆಯ ಮೊತ್ತದ ಮೇಲೆ ನಾಲ್ಕೂ ತಾಲೂಕು ಮತ್ತೆ ಕೂಡಿದ್ದವು.

ಸಾಹೇಬರಿಗೆ ಹೇಳಿದಾಗ ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ತಪ್ಪಾತು ಅಂತ ಬರಿಯೂಣೇನ್ರಿ?" ಎಂದ ಗುತ್ತೆಪ್ಪ.

"ನಾ ಸಹಿ ಮಾಡೇನಲ್ಲೋ, ಖೋಡಿ! ಗೋಷ್ವಾರೆ ತಪ್ಪಂಗಿಲ್ಲ. ಒಂಟಿನ ಕಡಿಮಿ ಬಿದ್ದಾವ. ಹೊಂದಸು. ಹೊಂದಸಿದ್ರ ಕಾಯಂ, ಇಲ್ಲಂದ್ರ ಮನಿ."

ಹೊಂದಿಸುವ ಉಪಾಯ ಸಾಹೇಬರದೇ. ಒಂದು ದಿನದಲ್ಲಿ ಡಾಕ್ಟರು ಇಪ್ಪತ್ತಮೂರನ್ನೂ ನೋಡಲಾರರು. ತಾಲೂಕಿಗೆ ಒಂದರಂತೆ ನಾಲ್ಕು ತೋರಿಸಿದರೆ ಉಳಿದವು ಮೇಯಲು ಹೋಗಿವೆ ಎನ್ನಬಹುದು. ಡಾಕ್ಟರು ಜೀಪಿನಲ್ಲಿ, ಮೆಹಬೂಬನ ಒಂಟೆ ಲಾರಿಯಲ್ಲಿ. ಲಾರಿ ಮುಂದೆ ಹೋಗುವಂತೆ ಡಾಕ್ಟರನ್ನು ಪ್ರತಿ ಊರಿನಲ್ಲೂ ತಿಂಡಿಗೆ ಕೂರಿಸುವುದು.

ಡಾಕ್ಟರ್ ಮಾಳಪ್ಪನವರು ಸವಣೂರಿನಲ್ಲಿ ಜೀಪಿನಿಂದ ಇಳಿದಾಗ ಅವರ ಕೈಯಲ್ಲಿ ಹೊಚ್ಚ ಹೊಸ ಚೀಲವಿತ್ತು. ಇಪ್ಪತ್ತು ವರ್ಷದ ಹಿಂದೆ ರಾಜಸ್ಥಾನಕ್ಕೆ ಹೋಗಿ ಒಂಟೆಯ ವೈದ್ಯ ಕಲಿತು ಬಂದವರು ಅವರು. ಅಂದಿನಿಂದ ಇಲ್ಲಿ ಕೋಳಿಗಳಿಗೆ ಲಸಿಕೆ ಹಾಕುತ್ತಿದ್ದರು.

"ಇಪ್ಪತ್ತಮೂರು ಅಂತ ಕಾಗದ ನೋಡಿ ನನಗ ನಿದ್ದಿ ಬರ್ಲಿಲ್ಲರಿ" ಎಂದರು. ಮೆಹಬೂಬನ ಒಂಟೆಯ ಕೊರಳನ್ನು ತಬ್ಬಿ ಸವರಿದರು. ಹಲ್ಲು ನೋಡಿದರು, ಎದೆಗೆ ಕಿವಿಯಿಟ್ಟರು, ಎಡ ಮೊಣಕಾಲಿನ ಹುಣ್ಣಿಗೆ ನೀಲಿ ಔಷಧ ಬಳಿದರು, ಚೀಲದಿಂದ ಬೆಲ್ಲದ ತುಂಡು ತೆಗೆದು ತಿನ್ನಿಸಿದರು. ಗುತ್ತೆಪ್ಪನಿಗೆ ಅದನ್ನು ನೋಡಲಾಗದೆ ಅವನು ಬೇರೆ ಕಡೆ ಮುಖ ತಿರುಗಿಸಿದ.

ಶಿಗ್ಗಾವಿಯಲ್ಲಿ ಉಪ್ಪಿಟ್ಟು ಮುಗಿಸಿ ಡಾಕ್ಟರು ಬರುವಷ್ಟರಲ್ಲಿ ಎರಡನೆಯ ಒಂಟೆ ಬೆನ್ನಿನ ಮೇಲೆ ಹೂವಿನ ಚಾದರ ಹೊದ್ದು ಬೇವಿನ ಮರದ ಕೆಳಗೆ ನಿಂತಿತ್ತು. ಮೆಹಬೂಬ ಟೋಪಿ ತೆಗೆದು ರುಮಾಲು ಸುತ್ತಿಕೊಂಡಿದ್ದ.

"ಇವರು ಸವಣೂರಿನವರ ತಮ್ಮರಿ" ಎಂದ ಗುತ್ತೆಪ್ಪ.

ಡಾಕ್ಟರು ಬಗ್ಗಿ ಎಡ ಮೊಣಕಾಲು ನೋಡಿದರು. ಅಲ್ಲಿ ನೀಲಿ ಔಷಧ ಇನ್ನೂ ಆರಿರಲಿಲ್ಲ.

"ಇದಕ್ಕ ಔಷಧ ಯಾರು ಹಚ್ಚ್ಯಾರ?"

"ಈ ಕಡೆ ಒಂಟಿಗೆ ಹುಟ್ಟಿದಾಗಿಂದ ಹಂಗ ಇರ್ತೈತ್ರಿ" ಎಂದ ಗುತ್ತೆಪ್ಪ.

ಡಾಕ್ಟರು ಮೆಹಬೂಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಅಣ್ಣತಮ್ಮಂದಿರು ಎಷ್ಟು ಮಂದಿ?"

"ಒಂಟಿಗೆ ಒಬ್ಬರ್ರಿ ಸಾಹೇಬ್ರ" ಎಂದ ಮೆಹಬೂಬ.

ಡಾಕ್ಟರು ಚೀಲ ಮುಚ್ಚಿಕೊಂಡು ಜೀಪು ಹತ್ತಿದರು. ಬಂಕಾಪುರದ ಹತ್ತಿರ ಅವರ ಜೀಪನ್ನು ಒಂದು ಲಾರಿ ಹಿಂದೆ ಹಾಕಿತು. ಲಾರಿಯ ಮೇಲಿನಿಂದ ಒಂದು ಉದ್ದನೆಯ ಕೊರಳು ಹೊರಬಂದು, ಜೀಪಿನೊಳಗಿನ ಡಾಕ್ಟರನ್ನು ಗುರುತಿಸಿ, ಕಣ್ಣಿಗೆ ಮರೆಯಾಗುವವರೆಗೆ ತಿರುಗಿ ನೋಡುತ್ತಲೇ ಹೋಯಿತು. ಪಕ್ಕದಲ್ಲಿ ಕುಳಿತ ಗುತ್ತೆಪ್ಪ ರಸ್ತೆಯ ಇನ್ನೊಂದು ಬದಿಯ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡಿದ.

ಹಾನಗಲ್ಲಿನ ಕಚೇರಿಯ ಅಂಗಳದಲ್ಲಿ ಮೂರನೆಯ ಒಂಟೆಗೆ ಮಹಾಲಿಂಗಪ್ಪ ಸಾಹೇಬರೇ ಹಾರ ಹಾಕಿ ನಿಲ್ಲಿಸಿದ್ದರು. ಡಾಕ್ಟರು ಗೇಟು ದಾಟಿದ್ದೇ ತಡ, ಅದು ಹಾರವನ್ನೂ ಸಾಹೇಬರನ್ನೂ ಪಕ್ಕಕ್ಕೆ ಸರಿಸಿ, ನೆಟ್ಟಗೆ ಬಂದು ಡಾಕ್ಟರ ಚೀಲದೊಳಗೆ ಬಾಯಿ ಹಾಕಿ ಬೆಲ್ಲ ತೆಗೆದುಕೊಂಡಿತು.

ಸಾಹೇಬರು ಬಗ್ಗಿ, ಕೆಳಗೆ ಬಿದ್ದ ಹಾರ ಎತ್ತಿಕೊಂಡರು.

"ಹಿರೇಕೆರೂರಿಗೆ ಹೋಗೂದು ಬ್ಯಾಡರಿ" ಎಂದರು ಡಾಕ್ಟರು ಮೆಲ್ಲಗೆ. "ಮುದಕ ಆಗೇತಿ. ಲಾರ್‍ಯಾಗ ಕುಣಿಸಿದ್ರ ಸಾಯ್ತೈತಿ." ಅವರು ಕಟ್ಟೆಯ ಮೇಲೆ ಕುಳಿತರು. ಒಂಟೆ ಅವರ ಹೆಗಲ ಮೇಲೆ ಗದ್ದ ಇಟ್ಟಿತು. ಅರ್ಧ ತಾಸು ಇಬ್ಬರೂ ಹಾಗೇ ಇದ್ದರು. ಎದ್ದು ಹೋಗುವಾಗ ಚೀಲದಲ್ಲಿದ್ದ ಔಷಧವನ್ನೆಲ್ಲ ಮೆಹಬೂಬನ ಕೈಗೆ ಕೊಟ್ಟರು. ಇಪ್ಪತ್ತಮೂರು ಒಂಟೆಗಳಿಗೆಂದು ತಂದದ್ದು ಬಹಳವೇ ಇತ್ತು.

ಡಾಕ್ಟರು ಇದ್ದದ್ದನ್ನು ಇದ್ದಹಾಗೆ ಬರೆದರು. ಹದಿನೈದು ದಿನದಲ್ಲಿ ಮೇಲಿನಿಂದ ಆದೇಶ ಬಂತು: ಗೋಷ್ವಾರೆ ತಯಾರಿಸಿದ ನೌಕರನ ಮೇಲೆ ಇಲಾಖಾ ವಿಚಾರಣೆ ನಡೆಸಿ, ಆತನ ಸೇವಾ ಪುಸ್ತಕವನ್ನು ಕೂಡಲೇ ಕಳಿಸಿ.

ಇಲ್ಲಿ ಮಹಾಲಿಂಗಪ್ಪ ಸಾಹೇಬರು ತಲೆ ಹಿಡಿದುಕೊಂಡರು. ಸೇವಾ ಪುಸ್ತಕ ಇರುವುದು ಕಾಯಂ ನೌಕರರಿಗೆ. ಹಂಗಾಮಿಯವನಿಗೆ ಪುಸ್ತಕ ಎಲ್ಲಿಯದು? ಇಲ್ಲ ಎಂದು ಬರೆದರೆ, ಹಂಗಾಮಿಯವನ ಕೈಗೆ ಸರ್ಕಾರದ ಯಂತ್ರ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಸಾಹೇಬರು ಅಂದೇ ಹುಬ್ಬಳ್ಳಿ ಬಸ್ಸು ಹತ್ತಿ, ಎಲ್ಲೆಲ್ಲಿಗೋ ಅಲೆದು, ಯಾರ್‍ಯಾರ ಕಾಲೋ ಹಿಡಿದು, ಎಂಟನೆಯ ದಿನಕ್ಕೆ ಒಂದು ಹಾಳೆ ಹಿಡಿದುಕೊಂಡು ಬಂದರು.

"ತಗೊ" ಎಂದರು ಗುತ್ತೆಪ್ಪನಿಗೆ. "ಇವತ್ತಿಂದ ನೀ ಕಾಯಂ."

ಗುತ್ತೆಪ್ಪ ಆದೇಶವನ್ನು ಎರಡು ಸಲ ಓದಿ ಅಳತೊಡಗಿದ.

"ಅಳಬ್ಯಾಡ. ನಾಳೆ ನಿನ್ನ ಸಸ್ಪೆಂಡ್ ಮಾಡ್ತೇನಿ."

ಅಡಿವೆವ್ವ ಆ ಸಂಜೆಯೇ ಎರಡು ಕಿಲೋ ಪೇಡೆ ತರಿಸಿ, ಇಷ್ಟು ವರ್ಷ ಪ್ರಶ್ನೆ ಕೇಳಿದ ಒಂದೊಂದು ಮನೆಯನ್ನೂ ಹುಡುಕಿ ಹಂಚಿದಳು. ಮರುದಿನ ಅವರೆಲ್ಲ ಸಮಾಧಾನ ಹೇಳಲು ಬಂದರು. ಆಕೆ ಅವರಿಗೆ ಉಳಿದ ಪೇಡೆ ಕೊಟ್ಟಳು.

"ಸಸ್ಪೆಂಡ್ ಆದ್ರ ಏನಾತವಾ? ಹಂಗಾಮಿಯವ್ರನ್ನ ಯಾರರ ಸಸ್ಪೆಂಡ್ ಮಾಡ್ತಾರೇನು? ಅದಕ್ಕೂ ಕಾಯಂ ಆಗಿರಬೇಕು."

ವಿಚಾರಣೆ ಕಂಪ್ಯೂಟರ್ ಕೋಣೆಯಲ್ಲೇ ನಡೆಯಿತು. ವಿಚಾರಣಾಧಿಕಾರಿಯೂ ಚಪ್ಪಲಿ ಬಿಟ್ಟು ಬಂದು ಕುಳಿತರು. ಗೋಡೆಯ ಚೀಟಿಯನ್ನು ಸಾಕ್ಷಿಯೆಂದು ಕಿತ್ತು ಮೇಜಿನ ಮೇಲೆ ಇಟ್ಟಿದ್ದರು.

"ಅಳಿಸಿರಿ ಅಂತ ಸ್ಪಷ್ಟ ಬರದಾರ. ಯಾಕ ಅಳಸ್ಲಿಲ್ಲ?"

"ಸರ್ಕಾರದ ಅಂಕಿ ಅಳಸಬಾರ್ದು ಅಂತ ನನಗ ಕಲಿಸ್ಯಾರ್ರಿ. ಹನ್ನೊಂದ ವರ್ಷದಾಗ ನಾ ಒಂದ ಅಂಕಿ ಅಳಸಿಲ್ಲರಿ. ಬೇಕಾದ್ರ ರಿಜಿಸ್ಟರ್ ತಗದು ನೋಡ್ರಿ. ಈ ಸಾಲಿಗೂ ಗೆರಿ ಎಳದು, ಸಹಿ ಮಾಡಿ, ತಾರೀಖು ಹಾಕೇನಿ."

ವಿಚಾರಣಾಧಿಕಾರಿ ರಿಜಿಸ್ಟರು ತರಿಸಿ ನೋಡಿದರು. ನಿಜವೇ. ಸಾಕ್ಷಿಯಾಗಿ ಬಂದಿದ್ದ ಶಂಕ್ರಪ್ಪನವರು ಮೂಲೆಯ ಬೆಂಚಿನ ಮೇಲೆ ಎದೆಯುಬ್ಬಿಸಿ ಕುಳಿತರು.

"ಹೆಂಗ ಆತು, ಒಮ್ಮಿ ಮಾಡಿ ತೋರಿಸು."

ಗುತ್ತೆಪ್ಪ ಆಲ್ಟ್ ಹಿಡಿದು ಜಿ ಒತ್ತಿದ. ಅಂಕಿಗಳು ಓಡಿದವು. ಕೊನೆಯ ಕಾಲಮ್ಮಿನಲ್ಲಿ ಇಪ್ಪತ್ತನಾಲ್ಕು ಬಂದು ನಿಂತಿತು.

"ಅರೆ!" ಎಂದು ವಿಚಾರಣಾಧಿಕಾರಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಇನ್ನೊಮ್ಮಿ?"

ಇಪ್ಪತ್ತೈದಾಯಿತು. ಮೂರನೆಯದನ್ನು ಅವರೇ ಒತ್ತಿ ನೋಡಿದರು. ಸಾಕ್ಷಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ಮೆಹಬೂಬ, "ಸಾಹೇಬ್ರ, ಸಾಕ್ರಿ! ಮೇವು ಎಲ್ಲಿಂದ ತರ್ಲಿ?" ಎಂದು ಕೈ ಮುಗಿದ.

ವಿಚಾರಣಾಧಿಕಾರಿ ಕುರ್ಚಿಯನ್ನು ಹಿಂದೆ ಸರಿಸಿದರು. "ಆತು, ಗೊತ್ತಾತು. ಈಗ ನೀ ಕಾಯಂ ನೌಕರ. ನಾನ ಹೇಳಾಕತ್ತೇನಿ, ಇದನ್ನೆಲ್ಲಾ ಅಳಸಿಬಿಡು."

ಗುತ್ತೆಪ್ಪ ಎದ್ದು ನಿಂತ.

"ಹೆಂಗ ಅಳಸ್ಲಿರಿ ಸಾಹೇಬ್ರ? ಈಗ ಅದು ಸಾಕ್ಷಿ ಆಗೇತ್ರಿ."

ವಿಚಾರಣಾಧಿಕಾರಿ ಅಲ್ಲೇ ನಾಲ್ಕು ಪುಟ ಬರೆದರು. ಅದರ ಸಾರಾಂಶ ಇಷ್ಟು: ನೌಕರ ನಿಯಮ ಮೀರಿಲ್ಲ, ಆತನನ್ನು ಕೆಲಸಕ್ಕೆ ತೆಗೆದುಕೊಳ್ಳುವುದು. ತಪ್ಪು ಯಂತ್ರದ್ದು. ಯಂತ್ರ ಪ್ರಾಯೋಗಿಕವಾಗಿ ಬಂದದ್ದರಿಂದ ಅದರ ಮೇಲೆ ವಿಚಾರಣೆ ಅಗತ್ಯವಿಲ್ಲ, ವಾಪಸು ಕಳಿಸಿದರೆ ಸಾಕು.

ಗೋಷ್ವಾರೆಯನ್ನು ಶಂಕ್ರಪ್ಪನವರೂ ಗುತ್ತೆಪ್ಪನೂ ಸೇರಿ ಆರು ದಿನದಲ್ಲಿ ಕೈಯಿಂದ ಕೂಡಿಸಿದರು. ಏಳನೆಯ ದಿನ ಯಂತ್ರವನ್ನು ಒಯ್ಯಲು ಲಾರಿ ಬಂತು. ಒಂಟೆಯನ್ನು ಹೊತ್ತ ಅದೇ ಲಾರಿ, ತಳದಲ್ಲಿ ಇನ್ನೂ ಹುಲ್ಲು ಹಾಸಿತ್ತು. ಹಮಾಲರು ಪೆಟ್ಟಿಗೆಗಳನ್ನು ಎತ್ತುವಾಗ ಗುತ್ತೆಪ್ಪ, "ಸಾವಕಾಶರೆಪಾ, ಸಾವಕಾಶ" ಎನ್ನುತ್ತ ಬರಿಗಾಲಿನಲ್ಲೇ ಹಿಂದೆ ನಡೆದ. ಅವನಿಗೆ ಬಹಳ ಕೆಟ್ಟದೆನಿಸಿತು. ಹೇಳಿದ್ದನ್ನು ಹೇಳಿದಷ್ಟು ಸಲ ಮಾಡಿದ್ದು ಬಿಟ್ಟರೆ ಅದು ಬೇರೇನೂ ಮಾಡಿರಲಿಲ್ಲ. ಅದನ್ನು ಯಾರೂ ಏನೂ ಕೇಳಲಿಲ್ಲ, ಸೇವಾ ಪುಸ್ತಕವಿಲ್ಲದವರನ್ನು ಕೇಳುವ ಪದ್ಧತಿ ಇಲ್ಲ.

ಲಾರಿಯ ಡ್ರೈವರ್ ರಸೀದಿ ಪುಸ್ತಕ ಮುಂದೆ ಹಿಡಿದ. "ಸಾಮಾನು ಎಷ್ಟ ಅಂತ ಬರದು ಸಹಿ ಮಾಡ್ರಿ."

ಗುತ್ತೆಪ್ಪ ಲಾರಿಯೊಳಗೆ ಇಣುಕಿ ನೋಡಿದ. ಕೆಳಗಿಳಿದು, ಏನೋ ಅನುಮಾನ ಬಂದು, ಮತ್ತೆ ಹತ್ತಿ ನೋಡಿದ. ಆಮೇಲೆ ಕೆಂಪು ಪೆನ್ನಿನಲ್ಲಿ "ಕಂಪ್ಯೂಟರ್, ಒಂದು" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದ.